ಕೇಳಿಸಲಿಲ್ಲ, ಇನ್ನೊಮ್ಮೆ ಹೇಳುತ್ತೀರಾ?

ಆಗಸ್ಟ್ 3, ನಮ್ಮ ಕೊಡಗಿನಲ್ಲಿ ಕಕ್ಕಡ ತಿಂಗಳ ಹದಿನೆಂಟನೆಯ ದಿನ, ಮದ್ದು ಸೊಪ್ಪಿನ ಹಬ್ಬ. ಅಡುಗೆಮನೆಯಲ್ಲಿ ಅವ್ವ ಮದ್ದು ಸೊಪ್ಪು ಕುದಿಸಿ ಸೋಸಿದ ನೀರಿಗೆ ಅಕ್ಕಿ ಹಾಕಿ ಪಾಯಸಕ್ಕೆ ಇಟ್ಟಿದ್ದಳು. ನಾನು ಮನೆಯ ಗೇಟಿನಾಚೆ, ರಸ್ತೆಯ ತಿರುವಿನಲ್ಲಿ ನಿಲ್ಲಿಸಿದ ಹಳೆಯ ಓಮ್ನಿಯ ಹಿಂದಿನ ಸೀಟಿನಲ್ಲಿ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಮೈಸೂರಿನ ಒಂದು ಕಂಪನಿಗೆ ಸಂದರ್ಶನ ಕೊಡುತ್ತಿದ್ದೆ. ಮನೆಯಲ್ಲಿ ಕರೆಂಟ್ ಹೋಗಿ ಮೂರು ದಿನವಾಗಿತ್ತು. ಕರೆಂಟ್ ಹೋದರೆ ಸ್ವಲ್ಪ ಹೊತ್ತಿಗೆ ಟವರಿನ ಬ್ಯಾಟರಿಯೂ ಕೈಕೊಡುತ್ತದೆ. ಆಗ ನಾಪೋಕ್ಲು ಕಡೆಯ ನಮ್ಮ ಊರಿನಲ್ಲಿ ಮೊಬೈಲಿಗೆ ಜೀವ ಬರುವುದು ಆ ತಿರುವಿನಲ್ಲಿ ಮಾತ್ರ. ಮೂರ್ನಾಡಿಗೋ ಮಡಿಕೇರಿಗೋ ಹೋಗಿ ಕೂರೋಣವೆಂದರೆ ಬೊಳಿಬಾಣೆಯಲ್ಲಿ ಕಾವೇರಿ ರಸ್ತೆಗೆ ಬಂದಿದ್ದಳು.

ಓಮ್ನಿಯ ತಗಡಿನ ಮೇಲೆ ಮಳೆ ಬೀಳುವ ಸದ್ದು ಗೊತ್ತಿರುವವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಇಯರ್‌ಫೋನ್ ಇದ್ದರೂ ಆ ಕಡೆಯವರು ಹೇಳುವ ಮೂರು ಮಾತಿನಲ್ಲಿ ಒಂದು ಮಳೆಯ ಪಾಲು. ನಾನು ಮತ್ತೆ ಮತ್ತೆ "ಕೇಳಿಸಲಿಲ್ಲ, ಇನ್ನೊಮ್ಮೆ ಹೇಳುತ್ತೀರಾ?" ಎನ್ನಬೇಕಾಗಿತ್ತು. ಕೆಲಸ ಕೈತಪ್ಪುವುದು ಈ ಮಳೆಯಿಂದಲೇ ಎಂದುಕೊಂಡಿದ್ದೆ. ಆದದ್ದು ಬೇರೆ. ಅದನ್ನು ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಾನು ಮೊಬೈಲ್ ಆ್ಯಪ್‌ಗಳ ಪರದೆ ವಿನ್ಯಾಸ ಮಾಡುವವಳು. 2019ರಲ್ಲಿ ಬೆಂಗಳೂರಿನ ಒಂದು ಕಂಪನಿಯಲ್ಲಿ ಸಂದರ್ಶನಕ್ಕೆ ಕುಳಿತಿದ್ದೆ. ಮುಕ್ಕಾಲು ಗಂಟೆ ನನ್ನ ಹಳೆಯ ಕೆಲಸಗಳನ್ನೆಲ್ಲ ತಿರುವಿ ನೋಡಿದ ಮೇಲೆ ಎದುರಿಗಿದ್ದವರು ಕುರ್ಚಿಗೆ ಒರಗಿ, "ನಮ್ಮನ್ನು ಏನಾದರೂ ಕೇಳುವುದಿದೆಯಾ?" ಎಂದರು. "ಇಲ್ಲ ಸರ್, ಎಲ್ಲಾ ಗೊತ್ತಾಯಿತು" ಎಂದೆ. ಏನೂ ಗೊತ್ತಾಗಿರಲಿಲ್ಲ. ಕೇಳಿದರೆ ಅಧಿಕಪ್ರಸಂಗವಾದೀತು, ಸುಮ್ಮನಿದ್ದರೆ ವಿನಯ ಎಂದು ಎಣಿಸಿದ್ದೆ. ಮನೆಗೆ ಬಂದ ಹಿರಿಯರ ಮುಂದೆ ಬಾಗಿಲ ಹಿಂದೆ ನಿಂತು ಬೆಳೆದವರ ಅಭ್ಯಾಸ ಅದು, ಸುಲಭಕ್ಕೆ ಬಿಡುವುದಿಲ್ಲ.

ಸೇರಿದ ಮೇಲೆ ತಿಳಿಯಿತು, 'ಡಿಸೈನ್ ತಂಡ' ಎಂದರೆ ನಾನೊಬ್ಬಳೇ. ನನ್ನ ಕುರ್ಚಿಯಲ್ಲಿ ನನಗಿಂತ ಮೊದಲು ಕುಳಿತಿದ್ದವರು ಐದು ತಿಂಗಳಿಗೆ ಎದ್ದು ಹೋಗಿದ್ದರು, ಅವರಿಗಿಂತ ಹಿಂದಿನವರೂ ವರ್ಷ ಮುಗಿಸಿರಲಿಲ್ಲ. ನನ್ನ ಮೇಲಧಿಕಾರಿ ಮಾರಾಟ ವಿಭಾಗದವರು. ಆ್ಯಪ್ ವಿನ್ಯಾಸಕ್ಕೆಂದು ಹೋದವಳು ದೀಪಾವಳಿ ರಿಯಾಯಿತಿಯ ಬ್ಯಾನರಿನಲ್ಲಿ ಪಟಾಕಿ ಎಡಕ್ಕಿರಬೇಕೋ ಬಲಕ್ಕೋ ಎಂಬ ಚರ್ಚೆಯಲ್ಲಿ ಎರಡೂವರೆ ವರ್ಷ ಕಳೆದೆ. ಯಾರ ಮೇಲೂ ಸಿಟ್ಟಿಲ್ಲ. ಅವರು ನನಗೆ ಸುಳ್ಳು ಹೇಳಿರಲಿಲ್ಲ. ನಾನು ಕೇಳಿರಲಿಲ್ಲ, ಅಷ್ಟೇ.

ಆಮೇಲೆ ಇನ್ನೊಂದು ಕೆಲಸ, ಅದು ಮನೆಯಿಂದಲೇ. ಕಚೇರಿಗೆ ಮರಳಿ ಎಂಬ ಪತ್ರ ಬಂದಾಗ ಬಿಟ್ಟೆ. ಹೀಗೆ ಆ ಮಳೆಗಾಲದ ಮೊದಲಿಗೆ ಮತ್ತೆ ಸಂದರ್ಶನಗಳ ಸರದಿ ಆರಂಭವಾಯಿತು.

ಜೂನ್‌ನಲ್ಲಿ ಮೊದಲನೆಯದು. ಈ ಸಲ ಬಾಯಿ ಕಟ್ಟಿ ಕೂರುವುದಿಲ್ಲವೆಂದು ಅಲ್ಲಿ ಇಲ್ಲಿ ಓದಿದ ಹತ್ತಾರು ಪ್ರಶ್ನೆ ಬರೆದುಕೊಂಡಿದ್ದೆ. "ನಿಮ್ಮಲ್ಲಿ ವಿನ್ಯಾಸಕ್ಕೆ ಎಷ್ಟು ಮಹತ್ವವಿದೆ?" ಎಂದು ಕೇಳಿದೆ. "ತುಂಬಾ ಮಹತ್ವವಿದೆ" ಎಂದರು. "ಬಳಕೆದಾರರ ಅಭಿಪ್ರಾಯ ಕೇಳುತ್ತೀರಾ?" "ಖಂಡಿತ, ಬಳಕೆದಾರರೇ ನಮ್ಮ ಕೇಂದ್ರ." ಕರೆ ಮುಗಿದಾಗ ಪುಸ್ತಕದಲ್ಲಿ ಒಂದು ಸಾಲೂ ಇರಲಿಲ್ಲ. ಬರೆದುಕೊಳ್ಳುವಂಥದ್ದು ಏನೂ ಬಂದಿರಲಿಲ್ಲ. ಅವರು ಬೇರೇನು ಹೇಳಿಯಾರು? ಸಂತೆಯಲ್ಲಿ ಮೀನಿನವನನ್ನು "ಮೀನು ತಾಜಾ ಇದೆಯಾ?" ಎಂದು ಕೇಳಿದ ಹಾಗಾಯಿತು. ಅವ್ವ ಹಾಗೆ ಕೇಳಿದ್ದನ್ನು ನಾನು ಕಂಡಿಲ್ಲ. ಬೆರಳಿನಿಂದ ಕಿವಿರು ಎತ್ತಿ ಕೆಂಪು ಇದೆಯೇ ಎಂದು ನೋಡುತ್ತಾಳೆ, ಬುಟ್ಟಿಗೆ ಹಾಕುತ್ತಾಳೆ ಅಥವಾ ಮುಂದಕ್ಕೆ ನಡೆಯುತ್ತಾಳೆ.

ನಾಚಿಕೆಯ ಸಂಗತಿಯೆಂದರೆ, ಕಿವಿರು ಎತ್ತುವ ವಿದ್ಯೆ ನನ್ನ ಕಸುಬಿನಲ್ಲೇ ಇತ್ತು. ಆ್ಯಪ್ ಬಳಸುವ ಜನರನ್ನು ಮಾತನಾಡಿಸಲು ಹೋಗುವಾಗ ನಮಗೆ ಕಲಿಸುವ ಮೊದಲ ಪಾಠವೇ ಅದು. "ಇಂಥ ಸೌಲಭ್ಯ ಕೊಟ್ಟರೆ ಬಳಸುತ್ತೀರಾ?" ಎಂದು ಕೇಳಬಾರದು. ದಾಕ್ಷಿಣ್ಯಕ್ಕೆ ಎಲ್ಲರೂ ಬಳಸುತ್ತೇವೆ ಎನ್ನುತ್ತಾರೆ. "ಕಳೆದ ಸಲ ಫೋನಿನಲ್ಲಿ ಹಣ ಕಳಿಸಿದ್ದು ಯಾವಾಗ? ಯಾರಿಗೆ? ಎಲ್ಲಿ ನಿಂತಿದ್ದಿರಿ? ಎಲ್ಲಿ ಸಿಕ್ಕಿಕೊಂಡಿತು?" ಎಂದು ಕೇಳಬೇಕು. ನಡೆದುಹೋದ ಒಂದು ಘಟನೆಯನ್ನು ನೆನಪಿಸಿಕೊಂಡು ಹೇಳುವಾಗ ಮನುಷ್ಯ ಅಷ್ಟಾಗಿ ಬಣ್ಣ ಹಚ್ಚಲಾರ. ಈ ನಿಯಮವನ್ನು ನಾನು ತರಕಾರಿ ಮಾರುವವರ ಮೇಲೆ, ಆಟೋ ಓಡಿಸುವವರ ಮೇಲೆ ವರ್ಷಗಟ್ಟಲೆ ಪ್ರಯೋಗಿಸಿದ್ದೆ. ಕಂಪನಿಯ ಮುಖ್ಯಸ್ಥರ ಮೇಲೆ ಪ್ರಯೋಗಿಸಬಹುದು ಎಂದು ಹೊಳೆದಿರಲಿಲ್ಲ. ಟೈ ಕಟ್ಟಿದವರಿಗೂ ದಾಕ್ಷಿಣ್ಯ ಇರುತ್ತದೆ ಎಂಬುದನ್ನೇ ಮರೆತಿದ್ದೆ.

ತೋಟದ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಹಳೆಯ ಪ್ರಶ್ನೆಗಳನ್ನೆಲ್ಲ ಹೊಡೆದುಹಾಕಿ, ಪ್ರತಿಯೊಂದನ್ನೂ 'ಕಳೆದ ಸಲ' ಎಂದು ಆರಂಭವಾಗುವ ಹಾಗೆ ತಿದ್ದಿದೆ. ವಿನ್ಯಾಸಕ್ಕೆ ಮಹತ್ವವಿದೆಯೇ ಎಂಬುದು, "ಡಿಸೈನರ್ ಒಂದು ಹೇಳಿ, ಕಂಪನಿ ಇನ್ನೊಂದು ಮಾಡಿದ್ದು ಕಳೆದ ಸಲ ಯಾವಾಗ? ಏನಾಯಿತು?" ಎಂದಾಯಿತು. ಬಳಕೆದಾರರನ್ನು ಕೇಳುತ್ತೀರಾ ಎಂಬುದು, "ಕಳೆದ ಸಲ ಆ್ಯಪನ್ನು ಯಾರ ಕೈಗೆ ಕೊಟ್ಟು ನೋಡಿದಿರಿ? ಅದರಿಂದ ಯಾವ ಪರದೆ ಬದಲಾಯಿತು?" ಎಂದಾಯಿತು. ಐದು ಜನರ ಕೈಗೆ ಕೊಟ್ಟು ನೋಡಿದರೂ ದೊಡ್ಡ ತೊಡಕುಗಳು ಬಹುಪಾಲು ಬಯಲಾಗುತ್ತವೆ ಎಂದು ಬಳಕೆಯ ಸುಲಭತೆಯ ತಜ್ಞ ಯಾಕೋಬ್ ನೀಲ್ಸನ್ 2000ದಲ್ಲಿ ಬರೆದದ್ದನ್ನು ನಮ್ಮ ಕಸುಬಿನವರೆಲ್ಲ ಬಾಯಿಪಾಠ ಒಪ್ಪಿಸುತ್ತಾರೆ. ಆ ಐದು ಜನ ಯಾರು ಎಂದು ಕೇಳಿದರೆ ಅನೇಕ ಕಡೆ ಪಕ್ಕದ ಮೇಜಿನವರೇ ಆಗಿರುತ್ತಾರೆ.

ತಿದ್ದಿದ ಪ್ರಶ್ನೆಗಳು ಕೈಗೆ ಬಂದ ಕೂಡಲೇ ನಾನು ಜಾಣಳಾದೆನೆಂದಲ್ಲ. ಮುಂದಿನ ಸಂದರ್ಶನಕ್ಕೆ ಮೊದಲು ಆ ಕಂಪನಿಯ ಆ್ಯಪನ್ನು ಇಳಿಸಿಕೊಂಡು ಎರಡು ದಿನ ಹುಳುಕು ಹುಡುಕಿದೆ. ಪಾವತಿಯ ಪುಟದಲ್ಲಿ ಹಿಂದಕ್ಕೆ ಹೋದರೆ ತುಂಬಿದ ವಿಳಾಸವೆಲ್ಲ ಅಳಿಸಿಹೋಗುತ್ತಿತ್ತು. ಸಂದರ್ಶನದಲ್ಲಿ ಗೆದ್ದವಳ ದನಿಯಲ್ಲಿ, "ಇಷ್ಟು ದೊಡ್ಡ ತಪ್ಪನ್ನು ಹೇಗೆ ಬಿಟ್ಟಿರಿ?" ಎಂದುಬಿಟ್ಟೆ. ಎದುರಿನ ಹೆಂಗಸಿನ ಮುಖ ಮುಚ್ಚಿದ ಕಿಟಕಿಯಾಯಿತು. ಆ ಪುಟವನ್ನು ಮಾಡಿದವರು ಅವರೇ ಎಂದು ಆಮೇಲೆ ಗೊತ್ತಾಯಿತು. "ಈ ಪುಟ ಹೀಗಾಗುವುದಕ್ಕೆ ಏನೇನು ಅಡ್ಡ ಬಂತು?" ಎಂದು ಕೇಳಿದ್ದರೆ ಅರ್ಧ ಗಂಟೆ ಅವರೇ ಮಾತನಾಡುತ್ತಿದ್ದರೇನೋ. ಅಲ್ಲಿಂದ ಎರಡನೆಯ ಕರೆ ಬರಲಿಲ್ಲ. ಬರಬೇಕಾದ್ದೂ ಇರಲಿಲ್ಲ.

ಜುಲೈಯಲ್ಲಿ ಮತ್ತೊಂದು. ಅಲ್ಲಿ ಒಂದೇ ದಿನ ಇಬ್ಬರ ಜೊತೆ ಬೇರೆ ಬೇರೆಯಾಗಿ ಮಾತು. ಇಬ್ಬರಿಗೂ ಒಂದೇ ಪ್ರಶ್ನೆ ಹಾಕಿದೆ: "ಈ ಜಾಗ ಹೊಸದೇ, ಯಾರಾದರೂ ಬಿಟ್ಟು ಹೋದದ್ದೇ?" ಮೊದಲನೆಯವರು ತಂಡ ಬೆಳೆಯುತ್ತಿದೆ, ಹೊಸ ಜಾಗ ಎಂದರು. ಎರಡನೆಯವರು, "ಹಿಂದಿನವರು ಏಪ್ರಿಲ್‌ನಲ್ಲಿ ಹೋದರಲ್ಲ, ಅವರ ಕಡತಗಳನ್ನು ನೀವೇ ನೋಡಿಕೊಳ್ಳಬೇಕು" ಎಂದರು. ಇಬ್ಬರೂ ತಮಗೆ ತಿಳಿದದ್ದನ್ನೇ ಹೇಳಿರಬಹುದು. ಆದರೆ ಒಬ್ಬರು ಬಿಟ್ಟು ಹೋದದ್ದು ಪಕ್ಕದ ಕೋಣೆಗೆ ಗೊತ್ತಾಗದ ಕಚೇರಿಯಲ್ಲಿ ನನಗೇನು ಕೆಲಸ ಎನ್ನಿಸಿತು. ಆಮೇಲೆ ಮನೆಯಲ್ಲಿ ಮಾಡಿ ಕಳಿಸಲು ಕೆಲಸವೊಂದನ್ನು ಕೊಟ್ಟರು. ಲಾಗಿನ್‌ನಿಂದ ಹಿಡಿದು ಬಿಲ್ಲಿನವರೆಗೆ ಹದಿನಾರು ಪರದೆ, ನಾಲ್ಕು ದಿನ. "ಇದನ್ನು ನಿಮ್ಮ ಆ್ಯಪಿನಲ್ಲಿ ಬಳಸುತ್ತೀರಾ? ಬಳಸುವುದಾದರೆ ಸಂಭಾವನೆ ಎಷ್ಟು?" ಎಂದು ಪತ್ರ ಬರೆದೆ. ಉತ್ತರ ಇವತ್ತಿನವರೆಗೂ ಬಂದಿಲ್ಲ. ಒಂದೊಂದು ಪ್ರಶ್ನೆ ನಾಲ್ಕು ದಿನ ಉಳಿಸಿಕೊಡುತ್ತದೆ.

ಸಂಬಳವನ್ನು ಮೊದಲ ಸಲವೇ ಕೇಳಬಾರದು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ, ಆದರೆ ಅದನ್ನು ಎಚ್‌ಆರ್‌ನವರಿಗೇ ಕೇಳಬೇಕು. ನೋಟಿಸ್ ಅವಧಿ ಮೂವತ್ತು ದಿನವೋ ತೊಂಬತ್ತೋ ಎಂಬುದೂ ಅವರ ಪಾಲಿನದೇ. ಡಿಸೈನ್ ಮುಖ್ಯಸ್ಥರ ಹತ್ತು ನಿಮಿಷವನ್ನು ಅದಕ್ಕೆ ಸುರಿದರೆ ಕೆಲಸದ ವಿಷಯ ಉಳಿದುಹೋಗುತ್ತದೆ. ಆ ಹತ್ತು ನಿಮಿಷವನ್ನಾದರೂ ಮೊದಲೇ ಗೊತ್ತುಮಾಡಿಕೊಳ್ಳಬೇಕು. "ಕೊನೆಗೆ ಹತ್ತು ನಿಮಿಷ ನನಗೆ ಬೇಕಾಗುತ್ತದೆ" ಎಂದು ಕರೆಯ ಆರಂಭದಲ್ಲೇ ಹೇಳಿದರೆ ಯಾರೂ ಬೇಸರಿಸಿಕೊಂಡದ್ದು ಕಾಣೆ. ಹೇಳದಿದ್ದರೆ ಸಿಗುವುದು "ಬೇಗ ಒಂದು ಪ್ರಶ್ನೆ ಇದ್ದರೆ ಕೇಳಿ" ಎಂಬ ಕೊನೆಯ ಒಂದು ನಿಮಿಷ.

ಇನ್ನು ಓಮ್ನಿಗೆ ಬರುತ್ತೇನೆ. ಆ ಕಂಪನಿ ಕಾಫಿ ತೋಟಗಳ ಲೆಕ್ಕಕ್ಕೆ ಆ್ಯಪ್ ಮಾಡುತ್ತಿತ್ತು. ತೆರೆಯ ಮೇಲೆ ಇಬ್ಬರು. ಒಬ್ಬರು ಉತ್ಪನ್ನದ ಹೊಣೆ ಹೊತ್ತ ನಡುವಯಸ್ಸಿನವರು, ಇನ್ನೊಬ್ಬ ಪ್ರೋಗ್ರಾಂ ಬರೆಯುವ ಹುಡುಗ. ಮಾತು ಅರ್ಧ ಇಂಗ್ಲಿಷ್, ಅರ್ಧ ಕನ್ನಡ. ಅಲ್ಲೇ ಮಾಡಿ ತೋರಿಸಲು ಒಂದು ಕೆಲಸ ಕೊಟ್ಟರು: ಕೊಯ್ಲಿನ ದಿನ ಪ್ರತಿ ಕೆಲಸಗಾರರು ಕುಯ್ದ ಹಣ್ಣಿನ ತೂಕ ದಾಖಲಿಸುವ ಪರದೆ. ಹೆಚ್ಚಿನವರು ಇಲ್ಲಿ ಪರದೆ ಬಿಡಿಸುವ ತಂತ್ರಾಂಶ ಫಿಗ್ಮಾ ತೆರೆದು ಚೌಕ ಎಳೆಯಲು ಶುರುಮಾಡುತ್ತಾರೆ. ನಾನೂ ಹಿಂದೆ ಹಾಗೆಯೇ ಮಾಡುತ್ತಿದ್ದೆ. ಆವತ್ತು ಗೆರೆ ಎಳೆಯುವ ಮೊದಲು, "ತೂಕ ಬರೆಯುವವರು ಯಾರು?" ಎಂದು ಕೇಳಿದೆ.

"ತೋಟದ ಮಾಲೀಕರು" ಎಂದ ಹುಡುಗ.

"ಕಳೆದ ಕೊಯ್ಲಿನಲ್ಲಿ ನೀವು ನೋಡಿದ ತೋಟದಲ್ಲಿ ಯಾರು ಬರೆಯುತ್ತಿದ್ದರು?"

ಇಬ್ಬರೂ ಮುಖ ಮುಖ ನೋಡಿಕೊಂಡರು. ಕೊಯ್ಲಿನ ಸಮಯದಲ್ಲಿ ಅವರು ತೋಟಕ್ಕೆ ಬಂದಿರಲಿಲ್ಲ. ಬಂದದ್ದು ಮಾರ್ಚಿಯಲ್ಲಿ, ಹೂಮಳೆ ಬಿದ್ದು ಕಾಫಿ ಹೂವರಳಿ ತೋಟವೆಲ್ಲ ಬೆಳ್ಳಗಾಗಿದ್ದಾಗ. ಫೋಟೊ ಚೆನ್ನಾಗಿ ಬರುವ ಕಾಲ ಅದು. ನಮ್ಮ ಕಡೆ ತೂಕ ಬರೆಯುವುದು ರೈಟರ್, ಅಂದರೆ ತೋಟದ ಲೆಕ್ಕ ಬರೆಯುವವರು. ಸಂಜೆ ಬೆಳಕು ಇಳಿಯುವ ಹೊತ್ತು, ತಲೆಯ ಮೇಲೆ ಚೀಲ ಹೊತ್ತವರ ಸಾಲು, ಎಲ್ಲರಿಗೂ ಲೈನ್ ಮನೆಗೆ ಹೋಗಿ ಒಲೆ ಹಚ್ಚುವ ಆತುರ. ಚೀಲಗಳನ್ನು ಎತ್ತಿ ತಕ್ಕಡಿಗೆ ಹಾಕುವ ರೈಟರಿನ ಬೆರಳಿಗೂ ಹಣ್ಣಿನ ಅಂಟು. ಆ ಬೆರಳಿಗೆ ಮೊಬೈಲಿನ ಗಾಜು ಒಗ್ಗುವುದಿಲ್ಲ. ಇಷ್ಟನ್ನು ಹೇಳಿ, ಪರದೆಯಲ್ಲಿ ಪಟ್ಟಿ ಬೇಡ, ಒಂದು ಸಲಕ್ಕೆ ಒಂದೇ ಹೆಸರು, ಕೆಳಗೆ ದೊಡ್ಡ ಅಂಕಿಗಳು ಸಾಕು ಎಂದು ಬರೆದು ತೋರಿಸಿದೆ. ಹುಡುಗ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ. ಕೆಲಸ ಮಾಡುತ್ತಾ ಕೇಳಿದ ಪ್ರಶ್ನೆಗೆ ಕೊನೆಯ ಹತ್ತು ನಿಮಿಷದ ಪ್ರಶ್ನೆಗಿಂತ ಬೆಲೆ ಹೆಚ್ಚು ಎಂದು ಅವತ್ತು ಕಂಡುಕೊಂಡೆ.

ಆ ಕೊನೆಯ ಹತ್ತು ನಿಮಿಷವೂ ಬಂತು, ಅದರ ಜೊತೆಗೇ ಮಳೆಯೂ ಜೋರಾಯಿತು. ಪುಸ್ತಕದಲ್ಲಿದ್ದ ಉದ್ದನೆಯ ಪ್ರಶ್ನೆಗಳನ್ನು ಆ ಸದ್ದಿನಲ್ಲಿ ಓದುವಂತಿರಲಿಲ್ಲ. ಕೂಗಿ ಹೇಳಬಹುದಾದಷ್ಟು ಗಿಡ್ಡ ಮಾಡಿಕೊಂಡು, "ಡಿಸೈನರ್ ಹೇಳಿದ್ದನ್ನು ಕಳೆದ ಸಲ ಬಿಟ್ಟದ್ದು ಯಾವಾಗ?" ಎಂದೆ.

ಹಿರಿಯರು ಎರಡು ನಿಮಿಷ ಮಾತನಾಡಿದರು. ನನಗೆ ಸಿಕ್ಕಿದ್ದು 'ಎಲ್ಲರೂ ಸೇರಿ', 'ಚರ್ಚೆ', 'ಸಮತೋಲನ' ಎಂಬ ಮೂರು ಪದ.

"ಕೇಳಿಸಲಿಲ್ಲ ಸರ್, ಇನ್ನೊಮ್ಮೆ ಹೇಳುತ್ತೀರಾ?"

ಎರಡು ನಿಮಿಷದ ಭಾಷಣವನ್ನು ಇನ್ನೊಮ್ಮೆ ಮಾಡಲು ಯಾರಿಗೂ ಮನಸ್ಸು ಬರುವುದಿಲ್ಲ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಮೇ ತಿಂಗಳಲ್ಲಿ. ಕನ್ನಡ ಅಕ್ಷರ ಕತ್ತರಿಸಿಹೋಗುತ್ತಿದೆ, ಸರಿಮಾಡದೆ ಬಿಡುಗಡೆ ಬೇಡ ಎಂದರು. ಹಣ ಹಾಕುವವರಿಗೆ ತೋರಿಸುವ ದಿನ ಹತ್ತಿರವಿತ್ತು. ಬಿಡುಗಡೆ ಮಾಡಿದೆವು. ಅವರು ಜೂನ್‌ನಲ್ಲಿ ಬಿಟ್ಟುಹೋದರು."

"ಅವರು ಹೇಳಿದ್ದು ಸರಿಯಿತ್ತಾ?"

"ಸರಿಯಿತ್ತು."

"ಈಗ ಸರಿಯಾಗಿದೆಯಾ?"

ಅವರು ಹುಡುಗನ ಕಡೆ ನೋಡಿದರು. ಹುಡುಗ ತನ್ನ ಫೋನನ್ನು ಕ್ಯಾಮೆರಾಗೆ ಹಿಡಿದು ತೋರಿಸಿದ. ಸಂಪರ್ಕ ತೆವಳುತ್ತಿತ್ತು. ಚಿತ್ರ ಚೌಕಚೌಕವಾಗಿ ಕೂಡಿಕೊಂಡು ಸ್ಪಷ್ಟವಾದಾಗ ಕಂಡದ್ದು: 'ಒಟ್ಟು' ಎಂದಿರಬೇಕಾದಲ್ಲಿ 'ಒಟು'. ಅದರ ಕೆಳಗಿನ ಬಟನ್ನಿನಲ್ಲಿ 'ಕೊಯ್ಲು' ಹೋಗಿ 'ಕೊಯು'. ಇಂಗ್ಲಿಷಿಗೆ ಅಳೆದ ಸಾಲಿನ ಎತ್ತರವನ್ನೇ ಕನ್ನಡಕ್ಕೂ ಕೊಟ್ಟಿದ್ದರು. ಇಂಗ್ಲಿಷಿನಲ್ಲಿ ಗೆರೆಯ ಕೆಳಗೆ ಇಳಿಯುವುದು ಜಿ, ವೈಗಳಂಥ ನಾಲ್ಕಾರು ಅಕ್ಷರಗಳ ಬಾಲ ಮಾತ್ರ. ಕನ್ನಡದ ಒತ್ತು ಗೆರೆಯ ಕೆಳಗೇ ಮನೆ ಕಟ್ಟಿಕೊಂಡಿದೆ. 16ರ ಗಾತ್ರದ ಅಕ್ಷರಕ್ಕೆ 20ರ ಎತ್ತರದ ಸಾಲು ಇಂಗ್ಲಿಷಿನಲ್ಲಿ ನಡೆದೀತು. ಕನ್ನಡಕ್ಕೆ ನಾನು 26ಕ್ಕಿಂತ ಕಡಿಮೆ ಇಡುವುದಿಲ್ಲ. ಇದನ್ನು ಯಾರೂ ಬೇಕೆಂದು ಮಾಡುವುದಿಲ್ಲ. ಕನ್ನಡದ ಪರದೆಯನ್ನು ಕೊನೆಯಲ್ಲಿ ಯಾರೂ ಓದದಿದ್ದರೆ ತಾನಾಗಿ ಆಗುತ್ತದೆ.

ಮನೆಗೆ ಮರಳಿದಾಗ ಅಪ್ಪ ಜಗಲಿಯಲ್ಲಿದ್ದರು. "ಏನು ಕೇಳಿದರು?" ಎಂದರು. ಊರಿನಲ್ಲಿ ಎಲ್ಲರೂ ಕೇಳುವುದು ಅದನ್ನೇ. ನಾನು ಏನು ಕೇಳಿದೆನೆಂದು ಹೇಳಿದೆ. "ತಮ್ಮ ತಪ್ಪನ್ನು ಅವರೇ ಒಪ್ಪಿಕೊಂಡರಾ?" ಎಂದು ಎರಡು ಸಲ ಕೇಳಿ, ಹಾಗಾದರೆ ಕಂಪನಿ ಮುಳುಗುತ್ತಿರಬೇಕು ಎಂದು ತೀರ್ಪು ಕೊಟ್ಟರು. ಅವ್ವ ಪಾಯಸದ ಬಟ್ಟಲು ಕೈಗಿಟ್ಟಳು. ಆ ನೇರಳೆ ಬಣ್ಣವನ್ನು ಪರದೆಯ ಮೇಲೆ ತರಲು ನಾನು ಎಷ್ಟೋ ಸಲ ಪ್ರಯತ್ನಿಸಿದ್ದೇನೆ, ಪ್ರತಿ ಸಲವೂ ಒಂದೋ ಇಂಕಿನ ಹಾಗೆ ಆಗುತ್ತದೆ, ಇಲ್ಲವೇ ಬದನೆಕಾಯಿಯ ಹಾಗೆ.

ಅಪ್ಪನ ಅನುಮಾನ ನನಗೂ ಇಲ್ಲದಿರಲಿಲ್ಲ. ಒಬ್ಬರ ಮಾತು ಕೇಳದೆ ಕಳೆದುಕೊಂಡವರು ನನ್ನ ಮಾತನ್ನು ಕೇಳುತ್ತಾರೆಂದು ಏನು ಭರವಸೆ? ನೇಮಕದ ಪತ್ರ ಬಂದಾಗ ಸಹಿ ಹಾಕುವ ಮೊದಲು ಹಿರಿಯರಿಗೆ ಇನ್ನೊಮ್ಮೆ ಫೋನ್ ಮಾಡಿ, "ನಾಳೆ ನಾನೂ ಬಿಡುಗಡೆ ಬೇಡ ಎಂದರೆ ಯಾರ ಮಾತು ಕೊನೆಯದು?" ಎಂದೆ. ಇದು 'ಕಳೆದ ಸಲ'ದ ಪ್ರಶ್ನೆಯಲ್ಲ, ನನ್ನ ನಿಯಮಕ್ಕೇ ವಿರುದ್ಧ. "ನನ್ನದು" ಎಂದರು. "ಆದರೆ ನೀವು ಬೇಡ ಎಂದದ್ದನ್ನು ಬರೆದಿಡುತ್ತೇವೆ." ನಿಮ್ಮದೇ ಕೊನೆಯ ಮಾತು ಎಂದಿದ್ದರೆ ನಾನು ನಂಬುತ್ತಿರಲಿಲ್ಲ. ಕೈಲ್‌ಪೊಳ್ದ್ ಹಬ್ಬ ಮುಗಿಸಿ ಸೆಪ್ಟೆಂಬರ್‌ನಲ್ಲಿ ಸೇರಿದೆ. ತಿಂಗಳಿಗೆ ಒಂದು ವಾರ ಮೈಸೂರು, ಉಳಿದದ್ದು ಮನೆ ಮತ್ತು ಓಮ್ನಿ.

ಒತ್ತಕ್ಷರ ಸರಿಯಾಗಲು ಮಧ್ಯಾಹ್ನವೊಂದು ಸಾಕಾಯಿತು. ತೂಕದ ಪರದೆಗೆ ನಾಲ್ಕು ತಿಂಗಳು ಹಿಡಿಯಿತು. ನಾನು ಬೇಡ ಎಂದ ಎರಡು ವಿಷಯ ಈವರೆಗೆ ಬರಹದಲ್ಲಿವೆ. ಒಂದನ್ನು ಕೇಳಿದರು, ಇನ್ನೊಂದನ್ನು ಬಿಟ್ಟರು.

ಜನವರಿಯಲ್ಲಿ ರೊಬಸ್ಟಾ ಕೊಯ್ಲು ಬಂದಾಗ ಹುಡುಗನನ್ನು ಬಸ್ ಹತ್ತಿಸಿ ಊರಿಗೆ ಕರೆಸಿಕೊಂಡೆ. ಪಕ್ಕದ ತೋಟದ ಕಣದಲ್ಲಿ ಸಂಜೆ ಐದೂವರೆಗೆ ನಾವಿಬ್ಬರೂ ರೈಟರ್ ಅಣ್ಣನ ಪಕ್ಕದಲ್ಲಿ ನಿಂತಿದ್ದೆವು. ಅವರು ಮೊದಲ ಹೆಸರಿಗೆ ಬೆರಳು ಒತ್ತಿದರು. ಫೋನ್ ಕೇಳಲಿಲ್ಲ. ಬೆರಳನ್ನು ಪಂಚೆಗೆ ಒರೆಸಿ ಮತ್ತೆ ಒತ್ತಿದರು. ಆಗಲೂ ಇಲ್ಲ. ಸಾಲಿನಲ್ಲಿದ್ದ ಹೆಂಗಸೊಬ್ಬಳು ಚೀಲವನ್ನು ತಲೆಯಿಂದ ಇಳಿಸಿ ನಮ್ಮನ್ನೇ ನೋಡುತ್ತಾ ನಿಂತಳು. ರೈಟರ್ ಅಣ್ಣ ಫೋನನ್ನು ಹುಡುಗನ ಕೈಗೆ ಕೊಟ್ಟು ಕಿವಿಯ ಹಿಂದಿನಿಂದ ಪೆನ್ನು ತೆಗೆದರು.

"ನೀವು ಅದರಲ್ಲಿ ಒತ್ತಿ, ನಾನು ಇದರಲ್ಲಿ ಬರೆಯುತ್ತೇನೆ. ಕೊನೆಗೆ ತಾಳೆ ನೋಡೋಣ" ಎಂದವರು ತಕ್ಕಡಿಯ ಮುಳ್ಳಿನ ಕಡೆ ತಿರುಗಿ ಕೂಗಿದರು, "ಅರವತ್ತನಾಲ್ಕು!"